ಗೇಟಿನತ್ತೆಯ ಮೋಟಾರು

“ಅತ್ತೆ, ಎದುರುಮನೆ ಅಜ್ಜ ಇವತ್ತು ಕೆಳಗೇ ಮಲಗಿದ್ದಾರಾ?”

ಅಳಿಯ ಫೋನಿನಲ್ಲಿ ಕೇಳಿದ್ದು ಇಷ್ಟೇ. ಹತ್ತಿ ಹಿಂಜುವ ಯಂತ್ರದ ಗದ್ದಲದಲ್ಲಿ ಮೊದಲು ಅವಳಿಗೆ ಸರಿಯಾಗಿ ಕೇಳಿಸಲಿಲ್ಲ. ಯಂತ್ರ ನಿಲ್ಲಿಸಿ, ತಲೆಗೆ ಕಟ್ಟಿದ್ದ ಬಟ್ಟೆಯಿಂದ ಕಿವಿಯ ಮೇಲಿನ ಅರಳೆ ಒರೆಸಿಕೊಂಡು, ಏನು ಎಂದಳು. ಅವನು ಅದನ್ನೇ ಇನ್ನೊಮ್ಮೆ ಕೇಳಿದ. ಹೌದು, ಕೆಳಗೇ ಮಲಗಿದ್ದಾರೆ, ಮೆಟ್ಟಿಲು ಹತ್ತಿದರೆ ಅವರಿಗೆ ಉಬ್ಬಸ ಬರುತ್ತಲ್ಲ, ಎಂದಳು. ಅವನು ಹೂಂ ಅಂದ. ಅವನ ಹಿಂದೆ ಯಾರೋ ಜೋರಾಗಿ ಮಾತಾಡುತ್ತಿದ್ದರು, ಯಾವುದೋ ಗಾಡಿ ಬಂದು ನಿಂತ ಸದ್ದಾಯಿತು. ಆಮೇಲೆ ಫೋನು ಕಟ್ಟಾಯಿತು.

ಈ ಅಳಿಯ ಅತ್ತೆಗೆ ನೇರವಾಗಿ ಫೋನು ಮಾಡಿದವನೇ ಅಲ್ಲ. ಬೇಕಾದ್ದು ಬೇಡದ್ದು ಏನಿದ್ದರೂ ಹೆಂಡತಿಯ ಮೂಲಕ. ಅವನು ಕೆಲಸ ಮಾಡುವುದು ಹೊಳೆಯ ಏರಿಯ ಮೇಲಿನ ನೀರಿನ ಗೇಟಿನಲ್ಲಿ. ಗೇಟಿನಲ್ಲಿ ನಿಂತವನಿಗೆ ನಡುಮಧ್ಯಾಹ್ನ ಎದುರುಮನೆಯ ಮುದುಕ ಎಲ್ಲಿ ಮಲಗಿದ್ದಾನೆ ಎಂಬ ಯೋಚನೆ ಯಾಕೆ ಬರಬೇಕು? ಅವಳಿಗೆ ಅರ್ಥವಾಗಲು ಒಂದು ಉಸಿರು ಎಳೆದುಕೊಳ್ಳುವಷ್ಟು ಹೊತ್ತು ಸಾಕಾಯಿತು. ಅರ್ಥವಾದದ್ದೇ ಯಂತ್ರದ ಚೌಕಟ್ಟು ಹಿಡಿದುಕೊಂಡು ನಿಂತಳು.

ಬೀದಿಯಲ್ಲಿ ಬಿಸಿಲಿತ್ತು. ಇಲ್ಲಿ ಮಳೆ ನಿಂತು ಎರಡು ದಿನವಾಗಿತ್ತು, ಆದರೆ ಮೇಲೆ ಎಲ್ಲೋ ಬೆಟ್ಟಗಳಲ್ಲಿ ಸುರಿಯುತ್ತಲೇ ಇದೆ ಎಂದು ರೇಡಿಯೋ ಹೇಳುತ್ತಿತ್ತು. ಎಲ್ಲರ ಬಾಗಿಲೂ ತೆರೆದಿತ್ತು, ಎಲ್ಲರ ಯಂತ್ರವೂ ಓಡುತ್ತಿತ್ತು. ಹಾಸಿಗೆ ಹೊಲಿಯುವವರ ಬೀದಿ ಅದು. ಒಂದು ಮನೆಯಲ್ಲಿ ಹತ್ತಿ ಹಿಂಜಿದರೆ ಇನ್ನೊಂದರಲ್ಲಿ ದಿಂಬು ತುಂಬುತ್ತಾರೆ, ಮತ್ತೊಂದರಲ್ಲಿ ದಬ್ಬಳ ಹಿಡಿದು ಹಾಸಿಗೆಗೆ ಹೊಲಿಗೆ ಹಾಕುತ್ತಾರೆ. ಎಷ್ಟೋ ತಿಂಗಳ ಮೇಲೆ ಆಸ್ಪತ್ರೆಯಿಂದ ದೊಡ್ಡ ಆರ್ಡರು ಬಂದಿತ್ತು. ಬೀದಿಗೆ ಬೀದಿಯೇ ಅದನ್ನು ಹಂಚಿಕೊಂಡು, ಊಟ ನಿದ್ದೆ ಮರೆತು ಕೆಲಸಕ್ಕೆ ಬಿದ್ದಿತ್ತು. ಗಾಳಿಯಲ್ಲಿ ಅರಳೆ ತೇಲುತ್ತಿತ್ತು.

ಎದುರುಮನೆಯ ಬಾಗಿಲಲ್ಲಿ ದಿಂಬಿನಜ್ಜನ ಕಾಲು ಮಾತ್ರ ಕಾಣುತ್ತಿತ್ತು. ಇಡೀ ಆಯುಷ್ಯ ದಿಂಬು ತುಂಬಿ, ಅರಳೆಯನ್ನೇ ಉಸಿರಾಡಿ, ಎದೆಗೂಡು ಹಾಳುಮಾಡಿಕೊಂಡ ಮುದುಕ. ಒಂದು ಕಾಲಿನ ಮೇಲೆ ಇನ್ನೊಂದು ಕಾಲು ಹಾಕಿಕೊಂಡು, ಪಾದ ಅಲ್ಲಾಡಿಸುತ್ತ, ಯಾರದೋ ಮಾತಿಗೆ ನಗುತ್ತಿದ್ದ. ಅವಳು ಮುಖ ತಿರುಗಿಸಿಕೊಂಡಳು.

“ಯಾರಮ್ಮ ಫೋನು?” ಒಳಗೆ ಹಾಸಿಗೆಯ ಗವಸು ಹೊಲಿಯುತ್ತಿದ್ದ ಮಗಳು ಕೇಳಿದಳು.

ಅವಳು ಹೇಳಿದಳು. ಮಗಳ ಕೈ ಹೊಲಿಗೆಯ ಮೇಲೆ ಹಾಗೇ ನಿಂತಿತು.

ಬೀದಿಯ ತುದಿಗೆ ಏರಿ, ಏರಿಯ ಆಚೆ ಹೊಳೆ. ಹೊಳೆ ಅಪಾಯದ ಗುರುತು ದಾಟಿ ಏರಿದರೆ ಗೇಟು ತೆರೆದು ನೀರನ್ನು ಈ ತಗ್ಗಿನ ಬೀದಿಗಳಿಗೆ ಬಿಡಬೇಕು, ಆಗ ಮೇಲುಪೇಟೆ ಉಳಿಯುತ್ತದೆ ಎಂಬುದು ಸರ್ಕಾರದ ತೀರ್ಮಾನ. ಮೇಲುಪೇಟೆಯಲ್ಲಿ ಮಾರುಕಟ್ಟೆ, ಬ್ಯಾಂಕು, ಕಚೇರಿಗಳು, ಅದೇ ಆಸ್ಪತ್ರೆ. ಅಲ್ಲಿ ಒಂದು ದಿನ ನೀರು ನಿಂತರೆ ಆಗುವ ನಷ್ಟ ಇಲ್ಲಿ ಒಂದು ತಿಂಗಳು ನಿಂತರೂ ಆಗುವುದಿಲ್ಲ ಎಂದು ಸಾಹೇಬರೊಬ್ಬರು ಬಂದು, ಗೋಡೆಯ ಮೇಲೆ ಬಣ್ಣಬಣ್ಣದ ಚಿತ್ರ ಬಿಟ್ಟು, ಬಹಳ ತಾಳ್ಮೆಯಿಂದ ತಿಳಿಸಿ ಹೇಳಿದ್ದರು. ಅವರ ಲೆಕ್ಕದಲ್ಲಿ ತಪ್ಪಿರಲಿಲ್ಲ. ಈ ಬೀದಿಯಲ್ಲಿ ಮುಳುಗಿ ಹೋಗುವಂಥದ್ದು ಏನಿದೆ, ಹತ್ತಿ ತಾನೇ?

ಗೇಟು ಇದುವರೆಗೆ ತೆರೆದದ್ದು ಒಂದೇ ಸಲ. ಬೀದಿಯನ್ನು ಹಿಂಡಿ ಹಾಕಿದ್ದು ಆ ನೀರಿಗಿಂತ ಹೆಚ್ಚಾಗಿ ಆಮೇಲೆ ನೆಟ್ಟ ಬೋರ್ಡು. ಹಳದಿ ಬೋರ್ಡು, ಅದರ ಮೇಲೆ ನೀಲಿ ಅಲೆಗಳು, ‘ಪ್ರವಾಹದ ನೀರು ಬಿಡುವ ಪ್ರದೇಶ’ ಎಂಬ ಅಕ್ಷರ. ಮಕ್ಕಳಿಗೆ ಚಂದ ಕಾಣಿಸಿತು. ಬ್ಯಾಂಕಿನವರಿಗೂ ಕಾಣಿಸಿತು. ಸಾಲ ಕೇಳಲು ಹೋದವರಿಗೆ, ನಿಮ್ಮ ವಿಳಾಸ ಬದಲಾದರೆ ಬನ್ನಿ ಎಂದು ನಗುನಗುತ್ತ ಹೇಳಿ ಕಳಿಸಿದರು. ವಿಮೆಯವರು ಬೋರ್ಡಿನ ತನಕ ಬಂದು ಹಿಂತಿರುಗಿದರು. ಹತ್ತಿ ವ್ಯಾಪಾರಿಗಳು ಮಳೆಗಾಲದಲ್ಲಿ ಮೂಟೆ ಇಳಿಸುವುದನ್ನೇ ಬಿಟ್ಟರು. ಬಾಡಿಗೆಗಿದ್ದವರು ಖಾಲಿ ಮಾಡಿದರು, ಮನೆ ಮಾರೋಣವೆಂದರೆ ಕೊಳ್ಳುವ ಗಂಡಸು ಹುಟ್ಟಿರಲಿಲ್ಲ. ನೀರು ಬರದೆಯೇ ಬೀದಿ ಮುಳುಗುತ್ತಿತ್ತು.

ಆ ಒಂದು ಸಲ ನೀರು ಬಂದಾಗ ಅವಳ ಗಂಡ ಎದೆಮಟ್ಟದ ನೀರಿನಲ್ಲಿ ನಿಂತು ಮೋಟಾರಿನ ಬೋಲ್ಟು ಬಿಚ್ಚಲು ಹೆಣಗಿದ್ದ. ಹಿಂಜುವ ಯಂತ್ರ ಓಡುವಾಗ ಮನೆಯೇ ಅದುರುತ್ತದೆ, ಅದಕ್ಕೇ ಮೋಟಾರನ್ನು ನೆಲದ ಸಿಮೆಂಟಿಗೆ ಬೋಲ್ಟು ಹಾಕಿ ಕೂರಿಸಿರುತ್ತಾರೆ. ಮಹಡಿಯ ಮೇಲಿಟ್ಟು ಓಡಿಸಿದರೆ ಗೋಡೆ ಬಿರುಕು ಬಿಡುತ್ತದೆ. ಸೈರನ್ ಆದಮೇಲೆ ಗೇಟು ತೆರೆಯಲು ಒಂದು ಗಂಟೆ ಬಿಡುತ್ತಾರೆ. ಮನುಷ್ಯರು ಜೀವ ಉಳಿಸಿಕೊಳ್ಳಲು ಅಷ್ಟು ಸಾಕು. ಮಣಭಾರದ ಮೋಟಾರು ಬಿಚ್ಚಿ, ಹತ್ತಿ ಮೂಟೆ ಮೇಲೆ ಸಾಗಿಸಲು ಯಾವ ಮೂಲೆಗೂ ಸಾಲದು. ಅವನು ಮೋಟಾರು ಬಿಡಿಸಲಿಲ್ಲ, ಅವನ ಎದೆಯಲ್ಲಿ ನೀರು ತುಂಬಿಕೊಂಡಿತು, ಒಂದು ತಿಂಗಳು ಕೆಮ್ಮಿ ಕೆಮ್ಮಿ ಹೋದ. ಪ್ರವಾಹದಲ್ಲಿ ಪ್ರಾಣಹಾನಿ ಇಲ್ಲ ಎಂದು ಸರ್ಕಾರ ಹೇಳಿದಾಗ ಅವನಿನ್ನೂ ಬದುಕಿದ್ದ. ಹಾಗಾಗಿ ಅದೂ ಸುಳ್ಳಲ್ಲ.

ಪರಿಹಾರವೆಂದು ಬೀದಿಗೆ ಒಂದು ನೌಕರಿ ಸಿಕ್ಕಿತು, ಅದೂ ಗೇಟಿನಲ್ಲೇ. ಗಂಡಸು ದಿಕ್ಕಿಲ್ಲದ ಮನೆ ಎಂದು ಎಲ್ಲರೂ ಸೇರಿ ಅದನ್ನು ಅವಳ ಅಳಿಯನಿಗೆ ಬಿಟ್ಟುಕೊಟ್ಟರು. ನಮ್ಮ ಹುಡುಗನೇ ಗೇಟಿನಲ್ಲಿದ್ದರೆ ಮುಂಚೆಯೇ ಸುಳಿವು ಸಿಗುತ್ತದೆ ಎಂಬ ಆಸೆಯೂ ಅದರಲ್ಲಿತ್ತು. ಆದರೆ ಅವನು ಸೇರಿದ ದಿನವೇ ಅವನ ಬಾಯಿಗೆ ಬೀಗ ಹಾಕಿದರು. ಮೊದಲ ಸಲ ಹೇಗೋ ಸುದ್ದಿ ಸೋರಿ, ಜನ ಏರಿಯ ಮೇಲೆ ಅಡ್ಡ ಕೂತು, ಗೇಟು ತೆರೆಯುವುದು ತಡವಾಗಿ, ಆಸ್ಪತ್ರೆಗೆ ನೀರು ನುಗ್ಗಿತ್ತಂತೆ. ಇನ್ನು ಮೇಲೆ ಸೈರನ್ನಿಗೆ ಮುಂಚೆ ಒಂದು ಮಾತು ಹೊರಗೆ ಬಂದರೆ ಕೆಲಸ ಹೋಗುವುದಷ್ಟೇ ಅಲ್ಲ, ಜೈಲೂ ಇದೆ ಎಂದು ಸಾಹೇಬರು ಹೇಳಿದ್ದರು.

ಅವನು ಬಾಯಿ ಬಿಡದಿದ್ದರೇನು, ಬೀದಿಗೆ ಕಣ್ಣಿರಲಿಲ್ಲವೆ? ಅವಳನ್ನು ಎಲ್ಲರೂ ಗೇಟಿನತ್ತೆ ಎಂದು ಕರೆಯತೊಡಗಿದರು. ಮಳೆಗಾಲ ಬಂದರೆ ಸಾಕು, ಎಲ್ಲರ ಕಣ್ಣೂ ಗೇಟಿನತ್ತೆಯ ಮನೆಯ ಮೇಲೆ. ಅವಳು ಒಣಗಿದ ಬಟ್ಟೆ ಬೇಗ ಎತ್ತಿದರೆ ಒಬ್ಬಳು ಬಂದು ಇಣುಕುತ್ತಿದ್ದಳು. ಪಾತ್ರೆ ತೊಳೆದು ಮೇಲಿನ ಗೂಡಿನಲ್ಲಿಟ್ಟರೆ ಇನ್ನೊಬ್ಬಳು, ಅದ್ಯಾಕೆ ಮೇಲಿಟ್ಟೆ ಎಂದು ಕೇಳುತ್ತಿದ್ದಳು. ಹೋದ ಮಳೆಗಾಲದಲ್ಲಿ ಅವಳ ಮೋಟಾರಿನ ಬೇರಿಂಗು ಹೋಗಿತ್ತು. ಕೆಳಗೆ ಬಿಚ್ಚಿದರೆ ಒಳಗೆ ಅರಳೆ ತುಂಬಿಕೊಳ್ಳುತ್ತದೆ ಎಂದು ಇಬ್ಬರನ್ನು ಹಿಡಿದು ಮೋಟಾರನ್ನು ಮಹಡಿಗೆ ಸಾಗಿಸಿದಳು. ಅಷ್ಟೇ. ತಿರುಗಿ ಇಳಿದು ಬರುವಷ್ಟರಲ್ಲಿ ಇಡೀ ಬೀದಿಯ ಯಂತ್ರಗಳು ನಿಂತು, ಮೋಟಾರುಗಳ ಬೋಲ್ಟುಗಳು ಸಡಿಲಾಗಿ, ಹತ್ತಿ ಮೂಟೆಗಳು ಮೆಟ್ಟಿಲು ಹತ್ತುತ್ತಿದ್ದವು. ಅಯ್ಯೋ ರಿಪೇರಿ ಕಣ್ರೋ ಎಂದು ಅವಳು ಬಡಿದುಕೊಂಡರೂ ಯಾರೂ ನಂಬಲಿಲ್ಲ. ಅಳಿಯನನ್ನು ಕಾಪಾಡಲು ಹಾಗೆ ಹೇಳುತ್ತಿದ್ದಾಳೆ ಎಂದುಕೊಂಡರು.

ನೀರು ಬರಲಿಲ್ಲ. ಎಲ್ಲವನ್ನೂ ಇಳಿಸಿ, ಮತ್ತೆ ಬೋಲ್ಟು ಹಾಕಿ, ಯಂತ್ರ ಓಡುವ ಹೊತ್ತಿಗೆ ಒಂದು ವಾರ ಕಳೆದಿತ್ತು. ಮೂಲೆಮನೆಯವನು ಓಡಾಡಿ ಹಿಡಿದು ತಂದಿದ್ದ ಹಾಸ್ಟೆಲಿನ ಆರ್ಡರು ಬೇರೆ ಊರಿನವರ ಪಾಲಾಯಿತು. ಆ ಮಳೆಗಾಲ ಅವನ ಮನೆಯವರು ಹೊಟ್ಟೆಗೆ ತಣ್ಣೀರುಬಟ್ಟೆ ಕಟ್ಟಿಕೊಂಡರು. ಅವನು ಅವಳ ಬಾಗಿಲ ಮುಂದೆ ನಿಂತು, ಇನ್ನು ಗೇಟಿನತ್ತೆ ಮನೆಯನ್ನೇ ಹೊತ್ತುಕೊಂಡು ಹೋದರೂ ಸೈರನ್ ಆಗುವ ತನಕ ಈ ಬೀದಿಯಲ್ಲಿ ಒಬ್ಬನೂ ಕದಲಬಾರದು ಎಂದು ಸಾರಿದ್ದ. ಎಲ್ಲರೂ ಹೂಂ ಎಂದಿದ್ದರು.

“ಅಮ್ಮ, ಯಾರಿಗೂ ಹೇಳ್ಬೇಡ,” ಎಂದಳು ಮಗಳು. “ಸೈರನ್ ಆಗತ್ತೆ. ಆದ ತಕ್ಷಣ ನಾವೇ ಹೋಗಿ ಅಜ್ಜನ್ನ ಎತ್ತಿಕೊಂಡು ಬರೋಣ. ಆದ್ರೆ ಈಗ ಬೇಡ.”

“ಯಂತ್ರಗಳು?”

“ಎಲ್ಲರ ಯಂತ್ರಕ್ಕೂ ನನ್ನ ಗಂಡಾನೇ ಜೈಲಿಗೆ ಹೋಗ್ಬೇಕಾ?”

ಹಾಸಿಗೆಯನ್ನು ನಂಬಿ ಈ ಮನೆಯ ಒಲೆ ಉರಿದು ಕಾಲವಾಗಿತ್ತು, ಈಗ ಉರಿಯುತ್ತಿದ್ದದ್ದು ಗೇಟಿನ ಸಂಬಳದಿಂದ. ಗಂಡನನ್ನು ನುಂಗಿದ ಗೇಟೇ ಮನೆಗೆ ಅನ್ನ ಹಾಕುತ್ತಿತ್ತು, ಅದನ್ನು ನೆನೆದಾಗಲೆಲ್ಲ ಅವಳಿಗೆ ತುತ್ತು ಗಂಟಲಲ್ಲಿ ನಿಲ್ಲುತ್ತಿತ್ತು. ಆದರೂ ನುಂಗಿದ್ದಳು. ಅಳಿಯ ಒಳ್ಳೆಯವನು. ಒಂದು ದಿನ ಊಟಕ್ಕೆ ಕೂತಾಗ ಹೆಂಡತಿಗೆ ಹೇಳಿದ್ದ, ಗೇಟಿನ ಹತ್ತಿರ ನಿಂತರೆ ನಮ್ಮ ಬೀದಿಯ ಯಂತ್ರಗಳೆಲ್ಲ ಸೇರಿ ಜೇನುಹುಳದ ಹಾಗೆ ಗುಂಯ್ ಅನ್ನುತ್ತವೆ, ಆ ಸದ್ದು ಕೇಳುತ್ತಿದ್ದರೆ ನನಗೆ ಧೈರ್ಯ, ಎಂದು. ಸಾಹೇಬರಿಗೂ ಕೇಳಿಸುತ್ತಂತೆ, ಏನಯ್ಯಾ ನಿಮ್ಮೋರು ಉಸಿರು ಬಿಡದೆ ದುಡೀತಾರೆ ಅನ್ನುತ್ತಾರಂತೆ. ಅದನ್ನು ಹೇಳಿ ನಕ್ಕಿದ್ದ.

ಅವಳ ಕಣ್ಣು ಮೋಟಾರಿನ ಮೇಲೆ ಬಿತ್ತು. ಗಂಡ ಹೋದಮೇಲೆ, ಇದ್ದಬದ್ದದ್ದನ್ನೆಲ್ಲ ಹಾಕಿ ತಂದ ಮೋಟಾರು. ಇದೂ ಮುಳುಗಿದರೆ ಇನ್ನೊಂದು ತರುವ ತಾಕತ್ತು ಈ ಜನ್ಮಕ್ಕಿಲ್ಲ. ಆಗ ಅವಳ ತಲೆಗೆ ಒಂದು ಯೋಚನೆ ಹೊಳೆಯಿತು. ಎಷ್ಟು ಸಲೀಸಾದ ಯೋಚನೆಯೆಂದರೆ ಅವಳಿಗೇ ಭಯವಾಯಿತು. ಈಗ ಅವಳು ಮೋಟಾರು ಬಿಚ್ಚಿದರೆ ಯಾರೂ ಕದಲುವುದಿಲ್ಲ. ಹಾಗೆಂದು ಅವರೇ ಸಾರಿದ್ದಾರಲ್ಲ. ಬೇರಿಂಗು ಎಂದರೆ ಈ ಸಲ ನಂಬುತ್ತಾರೆ. ಮೋಟಾರೂ ಉಳಿಯುತ್ತದೆ, ಅಳಿಯನೂ ಉಳಿಯುತ್ತಾನೆ.

ಮಗಳಿಗೂ ಅದೇ ಹೊಳೆದಿರಬೇಕು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಎದ್ದರು. ಬೆಲ್ಟು ಕಳಚಿದರು. ತುಕ್ಕು ಹಿಡಿದ ಬೋಲ್ಟುಗಳಿಗೆ ಸೀಮೆಎಣ್ಣೆ ಬಿಟ್ಟು ಕಾದರು. ಮಗಳು ಬೋಲ್ಟು ತಿರುಗಿಸುವ ಪಾನ ಹಿಡಿದರೆ ತಾಯಿ ಅದರ ತುದಿಗೆ ಪೂರ್ತಿ ಭಾರ ಬಿಟ್ಟಳು. ಒಂದೊಂದು ಬೋಲ್ಟು ಕಿರ್ರೆಂದು ತಿರುಗಿದಾಗಲೂ ಅವಳು ಕಿವಿಗೊಡುತ್ತಿದ್ದಳು, ಎಲ್ಲಿ ಸೈರನ್ನು ಕೂಗಿತೋ ಎಂದು. ಕೂಗಿದ್ದರೆ ಎಷ್ಟೋ ಚೆನ್ನಾಗಿತ್ತು ಎಂದೂ ಅನ್ನಿಸುತ್ತಿತ್ತು. ಕೂಗಿದ್ದರೆ ಅವಳು ಯೋಚಿಸಬೇಕಾದ್ದೇನೂ ಇರುತ್ತಿರಲಿಲ್ಲ.

ಕೊನೆಯ ಬೋಲ್ಟು ಬಂದಾಗ ಬಾಗಿಲಲ್ಲಿ ನೆರಳು ಬಿತ್ತು. ಮೂಲೆಮನೆಯವನು. ಹುಬ್ಬು, ಮೀಸೆಯೆಲ್ಲ ಅರಳೆ ಮೆತ್ತಿಕೊಂಡು ಅರ್ಧ ದಿನದಲ್ಲಿ ಮುದುಕನಾದಂತೆ ಕಾಣುತ್ತಿದ್ದ. ಸೊಂಟದ ಮೇಲೆ ಕೈಯಿಟ್ಟು ಮೋಟಾರನ್ನೂ ಅವಳನ್ನೂ ನೋಡಿದ.

“ಏನತ್ತೆ, ಮತ್ತೆ ಬೇರಿಂಗಾ?”

ಅವಳು ಹೌದೆಂದು ತಲೆಯಾಡಿಸಿದಳು.

ಅವನು ನಕ್ಕುಬಿಟ್ಟ. ಬೀದಿಯ ಕಡೆ ತಿರುಗಿ, ಗೇಟಿನತ್ತೆ ಮೋಟಾರು ಬಿಚ್ಚಿದಾಳೆ, ಯಾರೂ ಓಡ್ಬೇಡ್ರಪ್ಪೋ ಎಂದು ಕೂಗಿ ಹೇಳಿದ. ಆಚೀಚೆ ಮನೆಗಳಿಂದ ನಗು ಕೇಳಿಸಿತು. ದಿಂಬಿನಜ್ಜನ ಉಬ್ಬಸದ ನಗೆಯೂ ಅದರಲ್ಲಿತ್ತು. ಒಬ್ಬ ಹೆಂಗಸು, ಈ ಸಲ ನನ್ನ ಮಂಚಾನೂ ಮೇಲಿಡಮ್ಮ ಅತ್ತೆ ಎಂದು ಕೂಗಿದಳು. ಯಂತ್ರವೊಂದೂ ನಿಲ್ಲಲಿಲ್ಲ.

ಇಬ್ಬರು ಹೆಂಗಸರು ಇದನ್ನು ಮೇಲೆ ಹತ್ತಿಸುವುದುಂಟೇ ಎಂದು ಅವನೇ ಒಳಗೆ ಬಂದ. ಹೋದ ವರ್ಷ ಅವಳ ಬಾಗಿಲಲ್ಲಿ ನಿಂತು ಬಾಯಿಗೆ ಬಂದಂತೆ ಬೈದದ್ದು ಅವನ ಮನಸ್ಸಿನಲ್ಲಿ ಚುಚ್ಚುತ್ತಿತ್ತೋ ಏನೋ. ಮೋಟಾರನ್ನು ಹಾಸಿಗೆಯ ಬಟ್ಟೆಯಲ್ಲಿ ಕಟ್ಟಿ, ಗಂಟಿನೊಳಗೆ ಬಿದಿರು ತೂರಿಸಿ, ಮೇಲಿನ ತುದಿಯನ್ನು ತಾಯಿಮಗಳಿಗೆ ಕೊಟ್ಟು, ಭಾರವೆಲ್ಲ ಬೀಳುವ ಕೆಳಗಿನ ತುದಿಯನ್ನು ತನ್ನ ಹೆಗಲಿಗೆ ತೆಗೆದುಕೊಂಡ. ಕಿರಿದಾದ ಮೆಟ್ಟಿಲು. ಒಂದೊಂದು ಮೆಟ್ಟಿಲಿಗೂ ಅವನು, ಹುಷಾರು ಅತ್ತೆ, ಕಾಲು ನೋಡಿಕೊಳ್ಳಿ ಅತ್ತೆ, ಎನ್ನುತ್ತಿದ್ದ. ಅವಳು ಹಿಂತಿರುಗಿ ನೋಡಲಿಲ್ಲ. ಅವನ ಏದುಸಿರು ಮಾತ್ರ ಬೆನ್ನಿಗೆ ತಾಗುತ್ತಿತ್ತು. ಇವನ ಮೋಟಾರು ಮೂಲೆಮನೆಯಲ್ಲಿ ನೆಲಕ್ಕೆ ಕಚ್ಚಿಕೊಂಡು ಕೂತಿದೆ, ಇವನು ಬಂದು ನನ್ನದನ್ನು ಹೊರುತ್ತಿದ್ದಾನೆ ಎಂದು ಯೋಚಿಸಿದಳು.

ಮಹಡಿಯ ಕೋಣೆಯಲ್ಲಿ ಮೋಟಾರು ಇಳಿಸಿದ ಮೇಲೆ ಮಗಳು ನೀರು ತರುತ್ತೇನೆಂದು ಕೆಳಗೆ ಹೋದಳು. ಹೋಗುವಾಗ ತಾಯಿಯ ಮುಖವನ್ನೇ ಒಂದು ಗಳಿಗೆ ನೋಡಿದಳು. ಕೋಣೆಗೆ ಒಂದೇ ಕಿಟಕಿ, ಏರಿಯ ಕಡೆಗೆ. ಏರಿಯ ಮೇಲೆ ಗೇಟಿನ ಎರಡು ಕಂಬ, ಅದರ ಪಕ್ಕ ಎಂದೂ ಇಲ್ಲದಷ್ಟು ಗಾಡಿಗಳು. ಕೊಡೆ ಹಿಡಿಯದೆ, ಬಿಸಿಲಿನಲ್ಲೇ, ಜನ ಗುಂಪಾಗಿ ನಿಂತಿದ್ದರು. ಆಚೆ ಹೊಳೆ ಏರಿಯ ಸಮಕ್ಕೆ ಬಂದು ಕೆಂಪಗೆ ಉಬ್ಬಿತ್ತು. ಬುಡಸಮೇತ ಕಿತ್ತುಬಂದ ಮರವೊಂದು ಯಾರ ಗೊಡವೆಯೂ ಇಲ್ಲದಂತೆ ತೇಲಿಹೋಯಿತು.

ಮೂಲೆಮನೆಯವನು ಕಿಟಕಿಗೆ ಬೆನ್ನು ಮಾಡಿ ಕೂತು, ಅಂಗಿಯಿಂದ ಮುಖ ಒರೆಸಿಕೊಳ್ಳುತ್ತಿದ್ದ.

ಈ ಆಸ್ಪತ್ರೆ ಕೆಲಸ ಒಂದು ಕೈ ಹಿಡಿದರೆ ಹೋದ ವರ್ಷದ್ದನ್ನೆಲ್ಲ ಮರೆತುಬಿಡುತ್ತೇನೆ ಎಂದ. ಹೊಸ ಹತ್ತಿ ನಿನ್ನೆಯಷ್ಟೇ ಇಳಿಸಿಕೊಂಡೆ, ಮನೆಯಲ್ಲಿ ಕಾಲಿಡಲು ಜಾಗವಿಲ್ಲ, ಮಕ್ಕಳು ಮೂಟೆಯ ಮೇಲೇ ಮಲಗುತ್ತಾರೆ ಎಂದು ನಕ್ಕ. ಆಮೇಲೆ ಸ್ವಲ್ಪ ತಡೆದು, ನಾನು ಆವತ್ತು ಹಾಗೆಲ್ಲ ಅನ್ನಬಾರದಿತ್ತು, ಮನಸ್ಸಿನಲ್ಲಿಟ್ಟುಕೊಳ್ಳಬೇಡಿ ಎಂದ. ಕೆಳಗೆ ಮಗಳು ಲೋಟಕ್ಕೆ ನೀರು ಬಗ್ಗಿಸುವ ಸದ್ದಾಯಿತು.

“ರಿಪೇರಿಯೋನು ಯಾವಾಗ ಬರ್ತಾನಂತೆ?” ಏಳುತ್ತ ಕೇಳಿದ.

ನಾಳೆ ಎಂದರೆ ಮುಗಿಯುತ್ತಿತ್ತು. ಅವನು ಇಳಿದು ಹೋಗುತ್ತಿದ್ದ. ಸೈರನ್ ಆಗುತ್ತಿತ್ತು, ಎಲ್ಲರೂ ಓಡುತ್ತಿದ್ದರು, ಯಾರೂ ಸಾಯುತ್ತಿರಲಿಲ್ಲ, ಸರ್ಕಾರದ ಲೆಕ್ಕ ಮತ್ತೊಮ್ಮೆ ಸರಿಹೋಗುತ್ತಿತ್ತು. ಅವಳು ಬಾಯಿ ತೆರೆದದ್ದೂ ನಾಳೆ ಎನ್ನಲಿಕ್ಕೇ. ಆದರೆ ಅವನ ಭುಜದ ಮೇಲೆ ಬಿದಿರು ಒತ್ತಿದ ಕಡೆ ಅಂಗಿ ಹರಿದು ಚರ್ಮ ಕೆಂಪಾಗಿತ್ತು. ಅವಳಿಗೆ ಅದು ಕಾಣಿಸಿತು.

“ರಿಪೇರಿ ಅಲ್ಲಪ್ಪ,” ಎಂದಳು.

ಅವನಿಗೆ ತಿಳಿಯಲಿಲ್ಲ. ಹಾಗಾದರೆ ಯಾಕೆ ಎಂಬಂತೆ ನಗುಮುಖದಲ್ಲೇ ನೋಡಿದ. ಅವಳ ಮುಖ ನೋಡುತ್ತ ನೋಡುತ್ತ ಆ ನಗು ಇಳಿಯಿತು. ನಿಧಾನವಾಗಿ ಕಿಟಕಿಯ ಕಡೆ ತಿರುಗಿದ. ಬಹಳ ಹೊತ್ತು ನೋಡಿದನೆಂದು ಅವಳಿಗೆ ಅನ್ನಿಸಿತು. ಬಹಳ ಹೊತ್ತೇನೂ ಆಗಿರಲಾರದು.

“ಅಳಿಯಾನಾ ಹೇಳಿದ್ದು?”

“ಅವನು ಏನೂ ಹೇಳಿಲ್ಲ. ಯಾರು ಕೇಳಿದ್ರೂ ಅದೇ ಹೇಳು. ನಾನು ಹೇಳ್ತಿದ್ದೀನಿ, ನಿಮ್ಮತ್ತೆ.”

ಅವನು ಮೆಟ್ಟಿಲಲ್ಲಿ ನೀರಿನ ಲೋಟ ಹಿಡಿದು ನಿಂತಿದ್ದ ಮಗಳನ್ನು ದಾಟಿ, ಗೋಡೆ ಹಿಡಿದು ಇಳಿದು ಹೋದ. ಹೋಗುವಾಗ ಅವಳ ತಲೆಯ ಮೇಲೊಮ್ಮೆ ಕೈಯಿಟ್ಟ. ಮಗಳಿಗೆ ಎಲ್ಲ ಕೇಳಿಸಿತ್ತು. ಅವಳು ಅಳಲಿಲ್ಲ, ಬೈಯಲಿಲ್ಲ. ಲೋಟವನ್ನು ಮೆಟ್ಟಿಲ ಮೇಲಿಟ್ಟು, ಅಜ್ಜನ್ನ ಕರಕೊಂಡು ಬರೋಣ ಬಾ ಎಂದಳು.

ಆಸ್ಪತ್ರೆಗೆಂದು ಹೊಲಿದಿಟ್ಟಿದ್ದ ಹೊಸ ಹಾಸಿಗೆಯೊಂದನ್ನು ಇಬ್ಬರೂ ಹೊತ್ತುಕೊಂಡು ಬೀದಿ ದಾಟಿದರು. ಅಜ್ಜ, ಏನು ನನಗೆ ಮರ್ಯಾದೆ, ನಾನಿನ್ನೂ ಸತ್ತಿಲ್ಲ ಎಂದು ತಮಾಷೆ ಮಾಡಿದ. ಅವರಿಬ್ಬರ ಮುಖ ನೋಡಿ ಕಾಲಿನ ಮೇಲಿನ ಕಾಲು ಇಳಿಸಿದ. ಅವನನ್ನು ಹಾಸಿಗೆಯ ಮೇಲೆ ಉರುಳಿಸಿ ನಾಲ್ಕು ಮೂಲೆ ಹಿಡಿಯಲು ಪಕ್ಕದ ಮನೆಯಿಂದ ಇಬ್ಬರನ್ನು ಕೂಗಿದರು. ಕೂಗುವುದರೊಳಗೆ ಅವರು ಬಾಗಿಲಿಗೆ ಬಂದಿದ್ದರು.

ಮೊದಲು ಮೂಲೆಮನೆಯ ಯಂತ್ರ ನಿಂತಿತು. ಆಮೇಲೆ ಅದರ ಪಕ್ಕದ್ದು. ಆಮೇಲೆ ಒಂದೊಂದಾಗಿ, ದೀಪ ಆರಿಸುತ್ತ ಬರುವ ಹಾಗೆ, ಸದ್ದು ಈ ತುದಿಯ ಕಡೆ ಆರುತ್ತ ಬಂತು. ಹಗಲೆಲ್ಲ ಕಿವಿ ತುಂಬುತ್ತಿದ್ದ ಗದ್ದಲ ಹೋಗಿ ಪಾನಗಳ ಟಿಣ್ ಟಿಣ್ ಸದ್ದು, ಮೂಟೆ ಎಳೆಯುವ ಸದ್ದು, ಮೆಟ್ಟಿಲುಗಳ ಮೇಲೆ ಬರಿಗಾಲಿನ ಸದ್ದು ಮಾತ್ರ ಉಳಿಯಿತು. ಗಾಳಿಯಲ್ಲಿದ್ದ ಅರಳೆ ಮೆಲ್ಲಗೆ ಇಳಿಯತೊಡಗಿತು.

ಅಜ್ಜನ ಹಾಸಿಗೆಯ ಒಂದು ಮೂಲೆ ಹಿಡಿದಿದ್ದ ಮಗಳು ಬೀದಿಯ ನಡುವೆ ನಿಂತಳು. ಹಿಂದಿನವರು ನಡಿ ಎಂದರೂ ನಡೆಯಲಿಲ್ಲ. ಅವಳು ಏರಿಯ ಕಡೆ ನೋಡುತ್ತಿದ್ದಳು. ಬೀದಿಯ ಕೊನೆಯ ಯಂತ್ರ ಇನ್ನೂ ಓಡುತ್ತಿತ್ತು. ಕ್ಷಣದಲ್ಲಿ ಅದೂ ನಿಂತಿತು.

ಸೈರನ್ ಇನ್ನೂ ಆಗಿರಲಿಲ್ಲ. ಏರಿಯ ಮೇಲೆ, ಗಾಡಿಗಳ ಪಕ್ಕ ಗುಂಪಾಗಿದ್ದವರು ಒಬ್ಬೊಬ್ಬರಾಗಿ ಸದ್ದಡಗಿದ ಬೀದಿಯ ಕಡೆ ತಿರುಗುತ್ತಿದ್ದರು. ಗೇಟಿನ ಕಂಬದ ಬಳಿ ಒಂಟಿಯಾಗಿ ನಿಂತಿದ್ದವನೊಬ್ಬ ಮಾತ್ರ ತಲೆ ತಗ್ಗಿಸಿಕೊಂಡೇ ಇದ್ದ. ಮಗಳ ಕೂದಲ ಮೇಲೆ ಅರಳೆ ಬಂದು ಕೂತಿತು. ಕೈ ಖಾಲಿಯಿರಲಿಲ್ಲ, ಪಕ್ಕದ ಮೂಲೆ ಹಿಡಿದಿದ್ದ ತಾಯಿಯೇ ಒಂದು ಕೈ ಬಿಟ್ಟು ಅದನ್ನು ತೆಗೆದಳು.